ಬುಟ್ಟಿ ಖಾಲಿ ಮಾಡಿದ ಮಧ್ಯಾಹ್ನ

ಕಳೆದ ವಾರ ಅಟ್ಟದ ಮೇಲಿಂದ ಹಳೆಯ ಕಂಪ್ಯೂಟರಿನ ಡಬ್ಬ ಇಳಿಸಿದೆ. ಇಳಕಲ್ ಸೀರೆಯ ಸೆರಗಿನ ತುಂಡಿನಲ್ಲಿ ಹೊಲಿದ ಹೊದಿಕೆ ಅದರ ಮೇಲೆ ಇನ್ನೂ ಹಾಗೇ ಇತ್ತು. ಕೆಂಪು ಮಾಸಿ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಎತ್ತಿ ಒದರಿದೆ. ಧೂಳು, ಬಿಸಿಗೆ ಬಾಡಿದ ಪ್ಲಾಸ್ಟಿಕ್ಕು, ಜೊತೆಗೆ ಎಲ್ಲಿಂದಲೋ ಒಂದಿಷ್ಟು ತೆಂಗಿನೆಣ್ಣೆ... ಮೂರೂ ಒಟ್ಟಿಗೆ ಮೂಗಿಗೆ ಬಡಿದವು. ಸೀನು ನಿಂತ ಮೇಲೂ ಕಣ್ಣಲ್ಲಿ ನೀರು ನಿಲ್ಲಲಿಲ್ಲ. ಧೂಳಿನದು ಅಂತ ಹೆಂಡತಿಗೆ ಹೇಳಿದೆ.

ಆ ಹೊದಿಕೆ ಹೊಲಿದವರು ಪಕ್ಕದ ಮನೆಯ ಕಾಕು. ನಮ್ಮ ಹಾಗೇ ಧಾರವಾಡದ ಕಡೆಯಿಂದ ಈ ಮರಾಠಿ ಸೀಮೆಗೆ ಬಂದವರು. ಗಂಡ ಉಮರೇಡಿನ ಕಲ್ಲಿದ್ದಲ ಗಣಿಯಲ್ಲಿದ್ದರು. ಮಗಳಿಗೆ ಎರಡು ತುಂಬುವ ಮೊದಲೇ ಜ್ವರ ಬಂದು ಹೋಗಿಬಿಟ್ಟರು. ಅವರ ಜಾಗದಲ್ಲಿ ಕಾಕುವಿಗೆ ಗಣಿಯ ಕಚೇರಿಯಲ್ಲಿ ಕೆಲಸ ಕೊಟ್ಟರು. ನಿವೃತ್ತಿಯಾದ ಮೇಲೆ ಮಗಳನ್ನು ಕರೆದುಕೊಂಡು ಪ್ರತಾಪ ನಗರಕ್ಕೆ, ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಗೆ ಬಂದರು.

ಆ ವರ್ಷವೇ ನಾನು ಕಂಪ್ಯೂಟರ್ ತಂದಿದ್ದೆ. ನಾನು ಸಿವಿಲ್ ಲೈನ್ಸಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಕಚೇರಿಯಲ್ಲಿ ಮೂರು ತಿಂಗಳು ಅದನ್ನು ಒತ್ತಿ ಕಲಿತವನಿಗೆ ಓಣಿಗೆಲ್ಲ ನಾನೇ ತಜ್ಞ ಎಂಬ ಹಮ್ಮು ಬಂದಿತ್ತು. ಕಾಕು ಒಂದು ದಿನ ಬಾಗಿಲಲ್ಲಿ ನಿಂತು, “ತಮ್ಮಾ, ಇದರಾಗ ನಮ್ಮ ಮಾತು ಬರಿಲಿಕ್ಕೆ ಬರ್ತೈತೇನು?” ಎಂದು ಕೇಳಿದರು.

ಸಂಗತಿ ಇಷ್ಟೇ. ಮಗಳು ಒಮ್ಮೆ ಊಟಕ್ಕೆ ಕೂತಾಗ, “ಅಪ್ಪ ಹೆಂಗ ಮಾತಾಡ್ತಿದ್ದ?” ಎಂದು ಕೇಳಿದ್ದಳಂತೆ. ಫೋಟೋ ಇದ್ದವು, ದನಿ ಇರಲಿಲ್ಲ. ಆ ಮನುಷ್ಯ ಏನೇನು ಅನ್ನುತ್ತಿದ್ದರೋ ಅದನ್ನೆಲ್ಲ, ಅವರ ಬಾಯಲ್ಲಿ ಬಂದ ಹಾಗೆಯೇ ಬರೆದು, ಮಗಳ ಮದುವೆಯ ಹೊತ್ತಿಗೆ ಅವಳ ಸೀರೆಯ ಪೆಟ್ಟಿಗೆಯಲ್ಲಿ ಇಟ್ಟು ಕಳಿಸಬೇಕು ಎಂಬುದು ಕಾಕುವಿನ ಆಸೆ. ಮಗಳಿಗೆ ಕನ್ನಡ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಅದಕ್ಕೇ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವುದು ಎಂದು ಠರಾಯಿಸಿದೆವು.

ದಿನಾ ನಾಲ್ಕಕ್ಕೆ ಕಾಕು ಬರುತ್ತಿದ್ದರು. ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಬಾಚಿ, ಕಚೇರಿಗೆ ಹೊರಟವರ ಹಾಗೆ. ಒಂದೇ ಬೆರಳಲ್ಲಿ ಒತ್ತುತ್ತಿದ್ದರು. ಒತ್ತುವ ಮುನ್ನ ಆ ಮಾತನ್ನು ಬಾಯಲ್ಲಿ ಅಂದುಕೊಳ್ಳುತ್ತಿದ್ದರು, ದನಿ ತುಸು ದಪ್ಪ ಮಾಡಿಕೊಂಡು. ನನಗೆ ರಜೆಯಿದ್ದ ದಿನ ಪಕ್ಕದಲ್ಲಿ ಪೇಪರು ಹಿಡಿದು ಕೂತಿರುತ್ತಿದ್ದೆ. ಕೇಳಿಸಿಕೊಳ್ಳಲಿಲ್ಲ. ಆಗ ಸುಮ್ಮನೆ ಕಿವಿ ಕೊಟ್ಟಿದ್ದರೂ ಸಾಕಿತ್ತು...

ಅವರ ದೊಡ್ಡ ತಕರಾರು ಳ ಅಕ್ಷರದ್ದು. “ಇವರ ಅಕ್ಷರದಾಗ ಳ ಇಲ್ಲೇನೋ? ನಮ್ಮವ್ರ ಮಾತಿನ ತುಂಬ ಅದೇ ಐತಿ.” ದೊಡ್ಡ ಎಲ್ ಒತ್ತಿರಿ, ಅದೇ ಳ ಅಂತ ತಿಳಿಸಿದೆ. ಅದಕ್ಕೆ ಶಿಫ್ಟ್ ಕೀಲಿ ಒತ್ತಿಹಿಡಿಯಲು ಇನ್ನೊಂದು ಕೈ ಬೇಕು. ಹಾಗಾಗಿ ಳ ಬಂದಾಗೆಲ್ಲ ಕಾಕು ಎರಡೂ ಕೈ ಹಚ್ಚಿ, ಉಸಿರು ಬಿಗಿಹಿಡಿದು ಒತ್ತುತ್ತಿದ್ದರು. ಒಂದು ಸಾಲು ನನ್ನ ತಲೆಯಲ್ಲಿ ಉಳಿದದ್ದೇ ಆ ಪೇಚಾಟದಿಂದ. ಕಾಕು ದೂರಿದ್ದನ್ನೇ ದೂರುತ್ತಿದ್ದರೆ ಗಂಡ ಅನ್ನುತ್ತಿದ್ದರಂತೆ: “ಹೇಳಿದ್ದ ಹೇಳಬ್ಯಾಡ, ಹೊಸಾದೊಂದು ಹೇಳು.” ಮೂರು ಸಲ ಎರಡು ಕೈ. ಮುಗಿಸಿ ಬೆವರು ಒರೆಸಿಕೊಂಡು ನಕ್ಕಿದ್ದರು.

ಇನ್ನು ನನ್ನ ಘನಕಾರ್ಯ. ಮೊದಮೊದಲು ಕಾಕು ಬೆರಳು ಪಳಗಲೆಂದು ಏನೇನೋ ಒತ್ತಿ ಉಳಿಸಿಡುತ್ತಿದ್ದರು. ಪರದೆಯ ಮೂಲೆಯಲ್ಲಿದ್ದ ಕಸದ ಬುಟ್ಟಿಯ ಚಿತ್ರ ತೋರಿಸಿ ನಾನು, “ಮುಗಿದದ್ದನ್ನ ಈ ಬುಟ್ಟಿಗೆ ಹಾಕ್ರಿ ಕಾಕು” ಅಂದಿದ್ದೆ. ಬೇಡಾದ್ದು ಅನ್ನಬೇಕಿತ್ತು, ಮುಗಿದದ್ದು ಅಂದೆ. ಕಸ ಅನ್ನುವ ಮಾತೇ ನನ್ನ ಬಾಯಿಂದ ಬರಲಿಲ್ಲ. ಕಾಕುವಿನ ಮನೆಯಲ್ಲಿ ಬುಟ್ಟಿ ಎಂದರೆ ಒಂದೇ, ರೊಟ್ಟಿಯ ಬುಟ್ಟಿ. ಬೆಂದದ್ದನ್ನು, ಮುಗಿದದ್ದನ್ನು ಬಟ್ಟೆ ಹಾಸಿ ಜೋಪಾನವಾಗಿ ಇಡುವ ಜಾಗ. ಕಾಕು ಬರೆದು ಮುಗಿಸಿದ ಒಂದೊಂದನ್ನೂ ಅದರೊಳಗೆ ಇಟ್ಟರು. ಹೋಗುವ ಮುನ್ನ ದಿನಾ ಬುಟ್ಟಿ ತೆರೆದು ಫೈಲುಗಳ ಹೆಸರು ನೋಡಿ ಮುಚ್ಚುತ್ತಿದ್ದರಂತೆ, ಹೆಂಡತಿ ಆಮೇಲೆ ಹೇಳಿದ್ದು. ಆಗ ನನಗೆ ಇದೊಂದೂ ಗೊತ್ತಿರಲಿಲ್ಲ.

ವರ್ಷದೊಳಗೆ ಕಂಪ್ಯೂಟರ್ ತೆವಳತೊಡಗಿತು. “ನಿಮ್ಮ ಪೆಟ್ಟಿಗಿ ಕಣ್ಣು ಬಿಡೂದ್ರಾಗ ನನ್ನ ಕುಕ್ಕರ್ ಮೂರು ಸೀಟಿ ಹೊಡಿತೈತಿ” ಎಂದು ಹೆಂಡತಿ ಛೇಡಿಸಿದಳು. ಮಾನದ ಪ್ರಶ್ನೆ. ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಟೊಂಕ ಕಟ್ಟಿ ನಿಂತೆ. ಡಬ್ಬ ಬಿಚ್ಚಿ ಸೈಕಲ್ ಪಂಪಿನಿಂದ ಧೂಳು ಊದಿದೆ. ಆಟಗಳನ್ನು ಕಿತ್ತೆ. ಅದು ತನ್ನಷ್ಟಕ್ಕೆ ಕೂಡಿಟ್ಟುಕೊಂಡಿದ್ದ ತಾತ್ಕಾಲಿಕ ಫೈಲುಗಳನ್ನು ಒರೆಸಿದೆ. ಬುಟ್ಟಿ ತುಂಬಿತ್ತು. ಖಾಲಿ ಮಾಡು ಎಂದೆ. ಖಂಡಿತವಾಗಿಯೂ ಮಾಡಲೇ ಎಂದು ಅದು ಕೇಳಿತು. ಹ್ಞೂಂ ಎಂದು ಒತ್ತಿದೆ, ಒಳಗೆ ಏನಿದೆ ಎಂದು ನೋಡಲಿಲ್ಲ. ಆಮೇಲೆ ಡಿಸ್ಕಿನಲ್ಲಿ ಚದುರಿದ್ದನ್ನೆಲ್ಲ ಒತ್ತೊತ್ತಾಗಿ ಜೋಡಿಸುವ ಕೆಲಸಕ್ಕೆ ಹಚ್ಚಿದೆ. ಪರದೆಯ ತುಂಬ ಬಣ್ಣದ ಚೌಕಗಳು ಅತ್ತಿಂದಿತ್ತ ಸರಿದಾಡಿದವು. ಸಂಜೆಯವರೆಗೆ ಕೂತು ನೋಡಿದೆ, ಬಹಳ ಖುಷಿಯಾಗಿತ್ತು.

ಮರುದಿನವೂ ರಜೆ. ನಾಲ್ಕಕ್ಕೆ ಕಾಕು ಬಂದರು. ಸ್ವಲ್ಪ ಹೊತ್ತಿಗೆ ಕರೆದರು.

“ತಮ್ಮಾ, ಬುಟ್ಟ್ಯಾಗಿನವು ಕಾಣವಲ್ವಲ್ಲ?”

“ಖಾಲಿ ಮಾಡೀನ್ರಿ ಕಾಕು, ಕಂಪ್ಯೂಟರ್ ಜಲ್ದಿ ಓಡ್ಲಿ ಅಂತ.”

“ಹೌದಾ? ಖಾಲಿ ಮಾಡಿ ಎಲ್ಲಿ ಇಟ್ಟಿ?”

ರೊಟ್ಟಿ ಬುಟ್ಟಿ ಖಾಲಿ ಮಾಡಿದರೆ ರೊಟ್ಟಿಯನ್ನು ಇನ್ನೊಂದರಲ್ಲಿ ಇಡುತ್ತಾರಲ್ಲ, ಆ ಲೆಕ್ಕದಲ್ಲಿ ಕೇಳಿದರು. ಆಗ ನನಗೆ ಎಲ್ಲ ಒಮ್ಮೆಲೇ ತಿಳಿಯಿತು. ಹೇಳಬೇಕಿತ್ತು. ಬಾಯಿಗೆ ಬಂದದ್ದು ಬೇರೆ.

“ಒಳಗ ಅದಾವ್ರಿ ಕಾಕು.”

ಕಾಕು ನನ್ನ ಮುಖ ನೋಡಿದರು. “ಒಳಗ ಇದ್ರ ಚಲೋ ಆತು” ಎಂದರು. ಕುರ್ಚಿ ಹಿಂದೆ ಸರಿಸಿ, “ಈಗ ಜಲ್ದಿ ಓಡ್ತೈತೇನು?” ಎಂದು ಕೇಳಿದರು. ಹೌದು ಎಂದೆ. ಅದೂ ಸುಳ್ಳೇ ಆಯಿತು. ಎರಡು ದಿನ ಓಡಿದಂತೆ ಮಾಡಿ ಮತ್ತೆ ತೆವಳತೊಡಗಿತು. ತಿಂಗಳ ಮೇಲೆ ಬಂದ ರಿಪೇರಿಯವನು ಒಳಗೆ ಟಾರ್ಚ್ ಬಿಟ್ಟು ನೋಡಿ, “ಕಚರಾ ನಹೀ ಸಾಬ್, ಮೆಮರಿ ಕಮ್ ಹೈ” ಎಂದ. ತೊಂದರೆ ಕಸದ್ದಲ್ಲವಂತೆ, ಮೆಮರಿಯೇ ಕಡಿಮೆಯಂತೆ. ಕಾಕು ಬರೆದದ್ದೆಲ್ಲ ಸೇರಿದರೂ ಒಂದು ಫೋಟೋದಷ್ಟು ಜಾಗ ಹಿಡಿದಿರಲಿಕ್ಕಿಲ್ಲ. ಅವನು ಹೊಸ ಮೆಮರಿ ಹಾಕಿ, ಎಲ್ಲ ಅಳಿಸಿ, ಮತ್ತೆ ಮೊದಲಿಂದ ತುಂಬಿ ಹೋದ.

ಕಾಕು ಮತ್ತೆ ಕಂಪ್ಯೂಟರಿನ ಮುಂದೆ ಕೂರಲಿಲ್ಲ. ಕೇಳಿದರೆ, “ಕಣ್ಣು ಮಂಜಾಗ್ಯಾವ” ಎನ್ನುತ್ತಿದ್ದರು. ಆದರೆ ಅದೇ ಮಂಜುಗಣ್ಣಲ್ಲಿ ಆ ವಾರ ಈ ಹೊದಿಕೆ ಹೊಲಿದು ತಂದುಕೊಟ್ಟರು, ಧೂಳು ಕೂರಬಾರದು ಅಂತ. ನನಗೆ ಇವತ್ತಿಗೂ ಬಗೆಹರಿದಿಲ್ಲ. ಅವರು ನನ್ನ ಮಾತು ನಂಬಿದರೇ? ನಂಬಿದ್ದರೆ ಬರೆಯುವುದನ್ನು ಯಾಕೆ ಬಿಟ್ಟರು? ನಂಬಿರದಿದ್ದರೆ ಒಳಗೆ ಏನೂ ಉಳಿಯದ ಡಬ್ಬಕ್ಕೆ ಇಷ್ಟು ಸಣ್ಣ ಹೊಲಿಗೆ ಹಾಕಿ ಯಾಕೆ ಹೊದಿಕೆ ಮಾಡಿದರು? ನನ್ನನ್ನು ಅಣಕಿಸಲಿಕ್ಕೋ? ಅಣಕಿಸುವ ಜೀವವಲ್ಲ ಅದು... ಒಮ್ಮೆ ಹೀಗನ್ನಿಸುತ್ತದೆ, ಇನ್ನೊಮ್ಮೆ ಹಾಗೆ.

ಮಗಳ ಮದುವೆಯಲ್ಲಿ ಸೀರೆಯ ಪೆಟ್ಟಿಗೆ ಮುಚ್ಚುವಾಗ ನಾನು ಅಲ್ಲೇ ಇದ್ದೆ. ಒಳಗೆ ಸೀರೆಗಳಷ್ಟೇ ಇದ್ದವು. ಕಾಕು ಬೀಗ ಹಾಕಲು ನನ್ನ ಕೈಗೇ ಕೊಟ್ಟರು, ಅವರಿಗೆ ಕಿಂಡಿ ಕಾಣಲಿಲ್ಲವಂತೆ. ಆಮೇಲೆ ಮಗಳು ಅವರನ್ನು ಪುಣೆಗೆ ಕರೆದುಕೊಂಡು ಹೋದಳು. ಹೋಗುವ ದಿನ ರಿಕ್ಷಾದಲ್ಲಿ ಕೂತು ಕೈ ಬೀಸಿದ್ದೇ ಕೊನೆ.

ಹೋದ ವಾರ ಮಗಳ ಫೋನ್ ಬಂತು. ಕಾಕು ತೀರಿಕೊಂಡು ಹದಿಮೂರು ದಿನ ಕಳೆದಿತ್ತು. ಅವಳ ಬಾಯಲ್ಲಿ ನಾನು ದಾದಾ, ಅಣ್ಣ. ಅತ್ತು, ಮೂಗೊರೆಸಿಕೊಂಡು ಕೇಳಿದಳು.

“ದಾದಾ, ಅವ್ವ ಕಡೀತನಕ ಹೇಳ್ತಿದ್ಲು. ಅಪ್ಪಾನ ಮಾತೆಲ್ಲಾ ನಿಮ್ಮ ಕಂಪ್ಯೂಟರಿನಾಗ ಅದಾವ, ದಾದಾ ಜ್ವಾಕಿ ಮಾಡ್ಯಾನ ಅಂತ. ನನಗ ಬರೂದ ಆಗ್ಲಿಲ್ಲ. ಕಳಿಸ್ತೀರೇನು?”

ಹುಡುಕಿ ನೋಡುತ್ತೇನೆ ಎಂದು ಫೋನ್ ಇಟ್ಟೆ. ಡಬ್ಬ ಇಳಿಸಿದ್ದು ಅದಕ್ಕೇ. ಅಂಗಡಿಗೆ ಒಯ್ದೆ. ಅಲ್ಲಿಯವನು ಎರಡು ದಿನ ಇಟ್ಟುಕೊಂಡು, ಅದರ ಮೇಲೆ ಎಷ್ಟೋ ಸಲ ಬೇರೆ ಬರೆದಾಗಿದೆ, ಏನೂ ಬರುವುದಿಲ್ಲ ಎಂದು ತಲೆಯಾಡಿಸಿದ.

ನಿನ್ನೆ ನಾನೇ ಫೋನ್ ಮಾಡಿದೆ. ಎಲ್ಲ ಹೇಳಿದೆ. ಬುಟ್ಟಿ, ಭಾನುವಾರ, ನನ್ನ ಸುಳ್ಳು. ಅವಳು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಒಂದು ಮಾತು ಮಾತ್ರ ನನಗೆ ನೆನಪಿದೆ ಎಂದೆ. ಗಂಟಲು ಸರಿಮಾಡಿಕೊಂಡು, ಕಾಕು ಅನ್ನುತ್ತಿದ್ದ ಹಾಗೆ ದನಿ ದಪ್ಪ ಮಾಡಿ ಅಂದೆ. “ಹೇಳಿದ್ದ ಹೇಳಬ್ಯಾಡ, ಹೊಸಾದೊಂದು ಹೇಳು.”

ಅವಳು ಅದನ್ನು ಮೆಲ್ಲಗೆ ತನ್ನ ಬಾಯಲ್ಲಿ ಅಂದುಕೊಂಡಳು. ಳ ಬರೋಬರ್ ಬಂತು. ಅವರು ಹೀಗೇ ಅನ್ನುತ್ತಿದ್ದರೋ, ನಾನೇ ಏನಾದರೂ ಹೆಚ್ಚುಕಮ್ಮಿ ಮಾಡಿದೆನೋ, ಕೇಳಲು ಈಗ ಯಾರೂ ಇಲ್ಲ.

“ಇನ್ನೊಂದು ಹೇಳ್ರಿ, ದಾದಾ” ಎಂದಳು.

ನನ್ನ ಹತ್ತಿರ ಇದ್ದದ್ದು ಅದೊಂದೇ.