ಹಾಲ್‌ನಲ್ಲಿ ಬುದ್ಧ, ಕಿಟಕಿಯಲ್ಲಿ ಲೋಟ

ಹಲಸೂರಿನ ಒಂದು ಮನೆಯ ಹಾಲ್‌ನಲ್ಲಿ ನಾನು ಕಂಡ ಮೊದಲ ಬುದ್ಧನ ತಲೆಯ ಮೇಲಿಂದ ನೀರು ಸುರಿಯುತ್ತಿತ್ತು. ಬೆನ್ನ ಹಿಂದೆ ನೀಲಿ ಬಲ್ಬು, ಪಾದದ ಬಳಿ ಚಪ್ಪಲಿ ಸ್ಟ್ಯಾಂಡು. ನಮ್ಮ ಕಲಬುರಗಿ ಕಡೆ ಭಾನುವಾರ ಬಿಳಿ ಬಟ್ಟೆ ತೊಟ್ಟು ವಿಹಾರದಲ್ಲಿ ಕೈಮುಗಿಯುವ ಮೂರ್ತಿ ಇಲ್ಲಿ ಶೋಪೀಸು. ನೋಡಿ ಹೇಸಿಗೆಯಾಯಿತು. ಆದರೂ ಆ ಮನೆಯಲ್ಲೇ ರೂಮು ಕೇಳುತ್ತ ನಿಂತಿದ್ದೆ.

ಬಿ.ಎ. ತತ್ವಶಾಸ್ತ್ರಕ್ಕೆ ಸೀಟು ಸಿಕ್ಕಿತ್ತು, ಹಾಸ್ಟೆಲ್ ಸಿಕ್ಕಿರಲಿಲ್ಲ. ರಿಚರ್ಡ್ಸ್ ಟೌನಿನಿಂದ ಹಿಡಿದು ಎಷ್ಟೋ ಮನೆ ಸುತ್ತಿದ್ದೆ. ಎಲ್ಲರೂ ಕೇಳುವುದು "ವೆಜ್ಜಾ?" ಎಂದೇ. ಊರಿನಲ್ಲಿ ಜಾತಿಯನ್ನು ಮುಖಕ್ಕೇ ಕೇಳುತ್ತಾರೆ. ಇಲ್ಲಿ ಊಟ ಕೇಳಿದ ಹಾಗೆ ಮಾಡಿ ಜಾತಿ ತಿಳಿದುಕೊಳ್ಳುತ್ತಾರೆ, ಥೂ. ಈ ರೂಮೂ ಸಿಕ್ಕದಿದ್ದರೆ ಓದು ಬಿಟ್ಟು ಊರಿನ ರೈಲು ಹತ್ತಬೇಕಿತ್ತು.

ಮನೆಯೊಡತಿ ಸರೋಜಮ್ಮ. ದೊಡ್ಡನೆಕ್ಕುಂದಿ ಕಡೆಯ ರಾಗಿ ಹೊಲ ಮಾರಿ ಕಟ್ಟಿಸಿದ ಮೂರಂತಸ್ತಿನ ಮನೆ. ಇವರು ಮಾತ್ರ ನಮ್ಮೂರಿನವರ ಹಾಗೆ ಮುಖಕ್ಕೇ ಕೇಳಿದರು.

"ಯಾವ ಜನಾಮ್ಮ ನೀವು?"

"ಬೌದ್ಧರು, ಆಂಟಿ."

ಅವರ ಮುಖ ಅರಳಿತು. "ಬುದ್ಧಾನಾ? ನಮ್ಮನೇಲೂ ಇದಾನೆ ನೋಡು, ಎಷ್ಟು ಶಾಂತಿ. ಹಾಗಾದ್ರೆ ಜೈನರ ಥರ ಪ್ಯೂರ್ ವೆಜ್ಜು. ನಾಳೇನೇ ಬಂದ್ಬಿಡು."

ಊರಾಚೆಯ ಕೇರಿಯಲ್ಲಿದ್ದ ನಮ್ಮಜ್ಜ, ಮುಟ್ಟಿಸಿಕೊಳ್ಳದವರ ಕಾಟಕ್ಕೆ ರೋಸಿ ಬೌದ್ಧನಾದದ್ದು ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಅಡುಗೆಮನೆ ಕಿಟಕಿಯ ಹೊರಗೆ ಒಂದು ಸ್ಟೀಲ್ ಲೋಟವಿತ್ತು. ಕೆಲಸದ ಮುನಿಯಮ್ಮನದು. ಅದಕ್ಕೆ ಕಾಫಿಯನ್ನು ಮೇಲಿನಿಂದ ಹುಯ್ಯುತ್ತಾರೆ. ನಾನು ಒಳಗಿನ ಲೋಟದಲ್ಲಿ ಕುಡಿಯುತ್ತ ಅದನ್ನು ದಿನಾ ನೋಡುತ್ತೇನೆ.

ನೀತಿಶಾಸ್ತ್ರದ ತರಗತಿಯಲ್ಲಿ ಮೇಡಂ, ಸತ್ಯ ಹೇಳಿಯೇ ಮೋಸ ಮಾಡಬಹುದೇ ಎಂದು ಕೇಳಿದರು. ಯಾರದೋ ಕಥೆ ಎಂಬಂತೆ ನನ್ನದನ್ನೇ ಹೇಳಿದೆ. "ಸೂಪರ್ ಎಕ್ಸಾಂಪಲ್ ಮಗಾ, ಎಲ್ಲಿಂದ ತರ್ತೀಯಾ?" ಎಂದು ಪಕ್ಕದವಳು ಬೆನ್ನು ತಟ್ಟಿದಳು. ಎಲ್ಲೋ ಓದಿದ್ದು ಎಂದೆ.

ಅಪ್ಪ ಫರಸಿ ಕಲ್ಲಿನ ಗಣಿಯಲ್ಲಿ ದುಡಿಯುವವನು. ತಹಸೀಲ್ದಾರರ ಮುಂದೂ "ಜೈಭೀಮ್" ಎಂದೇ ಮಾತು ಶುರು ಮಾಡುತ್ತಾನೆ. ನನ್ನನ್ನು ನೋಡಲು ಹೊರಟಾಗ ಫೋನಿನಲ್ಲಿ, "ಇಲ್ಲಿ ಅದನ್ನ ಅನಬ್ಯಾಡಪ್ಪ, ರೂಮು ಹೋಗ್ತದ" ಎಂದೆ. ಅವನು "ಆಯ್ತು ಬಿಡು" ಎಂದ.

ಬಂದವನು "ನಮಸ್ಕಾರ್ರಿ ಅಕ್ಕಾರ" ಎಂದ. ಒಳಗಿನ ಲೋಟದಲ್ಲೇ ಕಾಫಿ ಬಂತು. ಕುಡಿದು ಎದ್ದವನೇ ಹಿಂದಿನ ನಲ್ಲಿಗೆ ಹೋಗಿ ಲೋಟ ತೊಳೆದು ಬೋರಲು ಹಾಕಿದ. ಅವನು ಚಿಕ್ಕವನಿದ್ದಾಗ ಊರ ಹೋಟೆಲಿನಲ್ಲಿ ಕೇರಿಯವರು ಕುಡಿದ ಕಪ್ಪನ್ನು ತಾವೇ ತೊಳೆದಿಡಬೇಕಿತ್ತು. ಯಾರ ಮನೆಯಲ್ಲೂ ಲೋಟ ತೊಳೆಯಕೂಡದೆಂದು ನಮಗೆ ಕಲಿಸಿದವನೇ ಅವನು.

"ಎಂಥಾ ಸಂಸ್ಕಾರಮ್ಮ ನಿಮ್ಮಪ್ಪಂದು," ಎಂದರು ಸರೋಜಮ್ಮ. ನಾನು ನಕ್ಕೆ. ಆ ನಗು ನೆನೆದರೆ ಈಗಲೂ ಅಸಹ್ಯವಾಗುತ್ತದೆ.

ಸಂಜೆ ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ, ಲೋಟ ಯಾಕೆ ತೊಳೆದೆ ಎಂದು ಸಿಟ್ಟಿನಿಂದಲೇ ಕೇಳಿದೆ.

"ಕಿಟಕ್ಯಾಗ ಒಂದು ಲೋಟ ಕಂಡೆ. ಕೈ ತಾನ ಹೋತು."

ಅವನ ಜೊತೆ ರೈಲು ಹತ್ತಿಬಿಡೋಣ ಅನ್ನಿಸಿತು. ನಾಳೆಯ ತರಗತಿಯೂ ಬೇಕೆನ್ನಿಸಿತು. ಅಪ್ಪ ಬೋಗಿಯ ಬಾಗಿಲಲ್ಲಿ ನಿಂತು ಬಗ್ಗಿ, ದನಿ ತಗ್ಗಿಸಿ ಕೇಳಿದ:

"ಈಗರ ಜೈಭೀಮ್ ಅನ್ಲೇನವ್ವಾ?"

ಉತ್ತರ ಕೊಡುವ ಮೊದಲು, ಹಲಸೂರಿನವರು ಯಾರಾದರೂ ಇದ್ದಾರಾ ಎಂದು ನಾನು ಪ್ಲಾಟ್‌ಫಾರಂ ತುಂಬ ಕಣ್ಣಾಡಿಸಿದೆ.