ಅಖಾಡದ ಅಂಚಿನ ಬಲಗಾಲು

ಹಾನಗಲ್ಲಿನ ಹಳೆಯ ತಾಲೀಮು ಮನೆಯ ಕೀಲಿಕೈ ಇದ್ದದ್ದು ಒಂದೇ. ಅದು ಹೊಳಬಸಪ್ಪ ಪೈಲ್ವಾನನ ಉಡಿದಾರದಲ್ಲಿ ತೂಗುತ್ತಿತ್ತು. ಶ್ರಾವಣ ಕಳೆದ ಮೇಲೆ ಒಂದು ಬೆಳಿಗ್ಗೆ ಬಾಗಿಲು ತೆಗೆದವನು ಹೊಸ್ತಿಲಲ್ಲೇ ನಿಂತುಬಿಟ್ಟ. ಹಿಂದಿನ ಸಂಜೆ ತಾನೇ ಹಲಗೆ ಎಳೆದು ಸಮ ಮಾಡಿದ್ದ ಕೆಂಪು ಮಣ್ಣಿನಲ್ಲಿ ಹೆಜ್ಜೆಗಳು ಮೂಡಿದ್ದವು. ಅಖಾಡದ ಕಲ್ಲಿನ ಅಂಚಿಗೆ ಹತ್ತಿಕೊಂಡೇ ಪೂರ್ತಿ ಒಂದು ಸುತ್ತು ಬಂದಿದ್ದವು. ಎಲ್ಲವೂ ಬಲಗಾಲಿನವು. ಎಡಗಾಲಿನದು ಒಂದೂ ಇರಲಿಲ್ಲ.

ಕಿಟಕಿಯ ಸರಳುಗಳು ಗಟ್ಟಿಯಾಗಿದ್ದವು, ಬೀಗವೂ ಅವನು ತೆಗೆಯುವವರೆಗೆ ಹಾಕಿದ ಹಾಗೆಯೇ ಇತ್ತು. ಹೊಳಬಸಪ್ಪನ ಬಾಯಿಂದ ತಾನಾಗಿಯೇ ಒಂದು ಮಾತು ಹೊರಟಿತು: “ಉಸ್ತಾದ, ಬಂದ್ರೇನು?”

ಹಾಗೆ ಕೇಳಲು ಕಾರಣವಿತ್ತು. ಅವನಿಗೆ ಕುಸ್ತಿ ಕಲಿಸಿದ ಗುದ್ಲೆಪ್ಪ ಉಸ್ತಾದನಿಗೆ ಕೊನೆಯ ಮೂರು ವರ್ಷ ಇದ್ದದ್ದು ಬಲಗಾಲೊಂದೇ. ಎಡಗಾಲನ್ನು ಸಕ್ಕರೆ ಕಾಯಿಲೆ ತಿಂದು, ಮೊಣಕಾಲಿನ ಮೇಲಕ್ಕೆ ಕತ್ತರಿಸಿದ್ದರು. ಆದರೂ ಮುದುಕ ಮನೆಯಲ್ಲಿ ಕೂರಲಿಲ್ಲ. ಬಗಲಿನ ಬಡಿಗೆಯನ್ನು ಕಲ್ಲಿನ ಮೇಲೆ ಊರಿ, ಬಲಗಾಲನ್ನು ಮಣ್ಣಿನಲ್ಲಿಡುತ್ತ ಅಖಾಡದ ಸುತ್ತ ತಿರುಗಿ ಹುಡುಗರನ್ನು ಬೈಯುತ್ತಿದ್ದ. ಈಗ ಕಂಡ ಸಾಲು ಅದೇ ಸಾಲು. ಅವನು ತೀರಿ ನಾಲ್ಕು ವರ್ಷವಾಗಿತ್ತು.

ಸಾಯುವ ಮುಂದೆ ಉಸ್ತಾದ ಶಿಷ್ಯನ ಕಾಲನ್ನು ಹಿಡಿದುಕೊಂಡು ಹೇಳಿದ್ದ: “ನಾ ಬೈಠಕ್ ಬಿಟ್ಟೆ, ತುಪ್ಪ ಬಿಡಲಿಲ್ಲ. ನೀ ಹಂಗ ಮಾಡಬ್ಯಾಡ. ಈ ಕಾಲು ಉಳಿಸಿಕೋ.” ಹೊಳಬಸಪ್ಪ ಅಳುತ್ತ ಮಾತು ಕೊಟ್ಟಿದ್ದ.

ಕೊಟ್ಟ ಮಾತಿನ ಗತಿ ಏನಾಯಿತೆಂದು ಅವನ ಹೊಟ್ಟೆ ನೋಡಿದರೆ ಸಾಕಿತ್ತು. ಹರೆಯದಲ್ಲಿ ದಿನಕ್ಕೆ ಐನೂರು ಬೈಠಕ್, ಮುನ್ನೂರು ದಂಡ ಹೊಡೆದವ. ಹಿರೇಕೆರೂರಿನಲ್ಲೂ ಶಿಗ್ಗಾಂವಿಯಲ್ಲೂ ಬೆಳ್ಳಿ ಕಡಗ ಗೆದ್ದವ. ಮಾರುಕಟ್ಟೆಯಲ್ಲಿ ಭತ್ತದ ಚೀಲಗಳನ್ನು ಹೂವಿನ ಬುಟ್ಟಿಯ ಹಾಗೆ ಹೊತ್ತವ. ಅಂಥ ಮೈಗೆ ಎರಡು ಸೇರು ಹಾಲು, ಬಟ್ಟಲು ತುಪ್ಪ, ಎಂಟು ರೊಟ್ಟಿ ಎಲ್ಲಿ ಹೋಗುತ್ತಿದ್ದವೋ ಗೊತ್ತಾಗುತ್ತಿರಲಿಲ್ಲ. ಐವತ್ತು ದಾಟಿದ ಮೇಲೆ ಹಮಾಲಿ ಬಿಟ್ಟು ಅಡಿಕೆ ಅಂಗಡಿಯಲ್ಲಿ ತೂಕ ನೋಡುತ್ತ ಕೂತ. ಹುಡುಗರು ಬಸ್‌ಸ್ಟ್ಯಾಂಡ್ ಹತ್ತಿರದ ಜಿಮ್ಮಿಗೆ ಹೋದರು. ಜೊತೆಯಿಲ್ಲದೆ ಇವನ ಬೈಠಕ್ಕೂ ನಿಂತಿತು. ಹಾಲು, ತುಪ್ಪ, ರೊಟ್ಟಿ ಮಾತ್ರ ನಿಲ್ಲಲಿಲ್ಲ. ಪೈಲ್ವಾನನ ಊಟ ಕಡಿಮೆಯಾದರೆ ಪೈಲ್ವಾನಗಿರಿಯೇ ಹೋಯಿತೆಂದು ಅವನ ತಿಳಿವಳಿಕೆ. ವ್ಯಾಯಾಮದ ಹೆಸರಿನಲ್ಲಿ ಉಳಿದದ್ದು ಬೆಳಿಗ್ಗೆ ಕಸ ಗುಡಿಸುವುದು, ಸಂಜೆ ಮಣ್ಣು ಸಮ ಮಾಡಿ ಹನುಮಪ್ಪನಿಗೆ ದೀಪ ಇಡುವುದು, ಇಷ್ಟೇ.

ಹೆಜ್ಜೆಗಳು ಮರುದಿನವೂ ಇದ್ದವು. ಅದರ ಮರುದಿನವೂ. ಅವನು ಅಳಿಸುತ್ತಿದ್ದ, ಅವು ಮೂಡುತ್ತಿದ್ದವು. ವಾರ ಕಳೆಯುವುದರೊಳಗೆ ಒಂದು ವಾಸನೆಯೂ ಬಂತು. ಉಸ್ತಾದ ಹಾಸಿಗೆ ಹಿಡಿದಾಗ ಅವನ ಕೋಣೆಯಲ್ಲಿ ಇರುತ್ತಿದ್ದ ವಾಸನೆಯೇ ಅದು. ಹೊಳಬಸಪ್ಪ ಲೋಬಾನದ ಹೊಗೆ ಹಾಕಿದ. ಹೊಗೆ ಕರಗಿದ ಮೇಲೆ ವಾಸನೆ ಮತ್ತೆ ಅವನ ಹತ್ತಿರವೇ ಬಂದು ನಿಂತಿತು. ಮನೆಗೆ ಹೋದರೆ ಅಲ್ಲೂ ಇತ್ತು! ಹೆಂಡತಿ ಸಾವಂತ್ರವ್ವ ಇಲಿ ಸತ್ತಿದೆಯೆಂದು ಜೋಳದ ಕಣಜದ ಹಿಂದೆಲ್ಲ ಹುಡುಕಿದಳು.

ಅವನಿಗೆ ನಿಜಕ್ಕೂ ಅಂಜಿಕೆ ಹುಟ್ಟಿತು. ಮಾತು ತಪ್ಪಿದವನ ಕಾಲನ್ನು ಒಯ್ಯಲು ಉಸ್ತಾದ ಬಂದಿದ್ದಾನೆ ಅನ್ನಿಸಿತು. ಹೀಗಿದ್ದಾಗ ಬುದ್ಧಿ ಇದ್ದವನು ತುಪ್ಪ ಬಿಡುತ್ತಿದ್ದ. ನಮ್ಮ ಪೈಲ್ವಾನ ಏನು ಮಾಡಿದ? ಉಸ್ತಾದನಿಗೆ ಪ್ರೀತಿಯೆಂದು ದಿನವೂ ಗೋಧಿ ಹುಗ್ಗಿ ಮಾಡಿಸಿ, ಮೇಲೆ ತುಪ್ಪ ಸುರಿದು ಎಡೆ ಹಿಡಿದ. ಎಡೆಯನ್ನು ಚೆಲ್ಲಬಾರದಲ್ಲ, ಅದನ್ನೂ ತಾನೇ ಉಂಡ!

ಹಗಲೆಲ್ಲ ನೀರಡಿಕೆ, ಕಣ್ಣು ಮಂಜು, ಕೂತಲ್ಲೇ ಜೋಂಪು.

“ದವಾಖಾನಿಗೆ ಹೋಗಿ ರಕ್ತ ತೋರ್ಸಿಕೊಂಡ ಬರ್ರಿ,” ಎಂದಳು ಸಾವಂತ್ರವ್ವ.

“ರೋಗ ಅಲ್ಲ ಇದು. ಉಸ್ತಾದ ನನ್ನ ಜೀಂವ ಹೀರಾಕತ್ತಾನ,” ಎಂದ.

ಅವಳಿಗೆ ತಡೆಯಲಾಗಲಿಲ್ಲ. “ಹಂಗಾದ್ರ ನಾನೂ ಬರ್ತೇನಿ. ಅವ್ರು ಬಂದ್ರ ಮೊದಲ ನನಗ ಉತ್ತರಾ ಹೇಳ್ಲಿ,” ಎಂದು ಹುಗ್ಗಿಯ ತಟ್ಟೆ ಹಿಡಿದು ಸಂಜೆ ಅವನ ಹಿಂದೆಯೇ ನಡೆದಳು.

ತಾಲೀಮಿನಲ್ಲಿ ಮೊದಲಿನಿಂದ ನಡೆದು ಬಂದ ಪದ್ಧತಿಯೊಂದಿದೆ. ಬಾಗಿಲಲ್ಲಿ ದೀಪ ಹಚ್ಚಿಕೊಂಡು, ಗಾಳಿಗೆ ಅಂಗೈ ಅಡ್ಡ ಹಿಡಿದು, ಅಖಾಡವನ್ನು ಬಲಕ್ಕಿಟ್ಟುಕೊಂಡು ಕಲ್ಲಿನ ಅಂಚಿನ ಮೇಲೆ ಒಂದು ಸುತ್ತು ಬಂದು ಹನುಮಪ್ಪನ ಗೂಡಿನಲ್ಲಿ ಇಡಬೇಕು. ದೀಪ ನಂದಬಾರದು, ಕಣ್ಣು ಅದರ ಮೇಲಿಂದ ಕದಲಬಾರದು, ಇಟ್ಟ ಮೇಲೆ ಅಖಾಡದತ್ತ ತಿರುಗಿ ನೋಡಬಾರದು. ಹೊಳಬಸಪ್ಪ ನಲವತ್ತು ವರ್ಷದಿಂದ ಹಾಗೆಯೇ ಬರಿಗಾಲಿನಲ್ಲಿ ಸುತ್ತಿದವ. ಅಂದೂ ಮಣ್ಣನ್ನು ಕಲ್ಲಿನ ಮಟ್ಟಕ್ಕೆ ಸಮ ಮಾಡಿ, ದೀಪ ಹಿಡಿದು ಹೊರಟ.

ಬಾಗಿಲ ಬಳಿ ನಿಂತಿದ್ದ ಸಾವಂತ್ರವ್ವ ನೋಡಿದಳು. ನೋಡುತ್ತ ನೋಡುತ್ತ ಅವಳ ಕೈಯ ತಟ್ಟೆ ವಾಲಿತು.

“ರೀ, ನಿಂದರ್ರಿ.”

“ಯಾಕ? ಕಾಣಿಸಿದ್ನ?” ಅವನು ಕಣ್ಣನ್ನು ದೀಪದಿಂದ ಕದಲಿಸಲಿಲ್ಲ.

“ನಿಮ್ಮ ಬಲಗಾಲು ಮಣ್ಣಾಗ ಐತ್ರಿ.”

“ಹುಚ್ಚಿ, ಕಲ್ಲಿನ ಮ್ಯಾಲ ಅದೇನಿ.”

“ಕೆಳಗ ನೋಡ್ರಿ.”

ಅವನು ದೀಪದಿಂದ ಕಣ್ಣು ತೆಗೆದು ಕೆಳಗೆ ನೋಡಿದ. ಎಡಗಾಲು ಕಲ್ಲಿನ ಮೇಲಿತ್ತು. ಬಲಗಾಲು ಹಸಿ ಮಣ್ಣಿನಲ್ಲಿ ಊರಿತ್ತು. ಹಿಂದೆ ಬಾಗಿಲವರೆಗೂ ಬಲಗಾಲಿನ ಹೆಜ್ಜೆಗಳೇ ಇದ್ದವು. ಅವನು ಕಾಲ ಬೆರಳು ಆಡಿಸಲು ನೋಡಿದ. ಮಣ್ಣಿನ ತಂಪು ತಿಳಿಯಲಿಲ್ಲ, ಮಣ್ಣಿದೆಯೆಂಬುದೂ ತಿಳಿಯಲಿಲ್ಲ. ಆ ಕಾಲು ಬೇರೆ ಯಾರದೋ ಅನ್ನಿಸಿತು.

ಸಾವಂತ್ರವ್ವ ಅವನನ್ನು ಕೂರಿಸಿ, ಅಂಗಾಲನ್ನು ದೀಪಕ್ಕೆ ಹಿಡಿದಳು. ಹೆಬ್ಬೆರಳಿನ ಬುಡದಲ್ಲಿ ಜಾಲಿ ಮುಳ್ಳೊಂದು ಪೂರ್ತಿ ಒಳಗೆ ಹೋಗಿ, ಸುತ್ತಲಿನ ಮಾಂಸ ಕಪ್ಪಾಗಿತ್ತು. ಇಷ್ಟು ದಿನದ ವಾಸನೆ ಅಲ್ಲಿಂದಲೇ ಬರುತ್ತಿತ್ತು. ದೆವ್ವವೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆ ಗಳಿಗೆಯಲ್ಲಿ ಇಬ್ಬರಿಗೂ ಅನ್ನಿಸಿತು.

ಮರುದಿನ ಡಾಕ್ಟರ್ ಸುಜಾತಾ ರಕ್ತ ನೋಡಿ, ಗಾಯ ನೋಡಿ, ಗಾಳದ ನೂಲಿನಂಥ ಒಂದು ಎಳೆಯನ್ನು ಕೈಗೆತ್ತಿಕೊಂಡರು.

“ಕಣ್ಣು ಮುಚ್ಚ್ರಿ. ಅಂಗಾಲಿಗೆ ತಾಗಿದ ಕೂಡ್ಲೆ ಹೂಂ ಅನ್ರಿ.”

ಹೊಳಬಸಪ್ಪ ಕಣ್ಣು ಮುಚ್ಚಿದ. ಕಾಲು ಕಳೆದುಕೊಳ್ಳುವ ಭಯಕ್ಕೆ ಮೈಯೆಲ್ಲ ಬೆವರಿತು. ಸ್ವಲ್ಪ ಹೊತ್ತಿಗೆ ಹೂಂ ಎಂದ. ಮತ್ತೆ ಹೂಂ ಎಂದ. ಆರು ಸಲ ಗಟ್ಟಿಯಾಗಿ ಹೂಂ ಎಂದ. ಪಕ್ಕದಲ್ಲಿ ಸಾವಂತ್ರವ್ವ ಮೂಗೆಳೆದುಕೊಳ್ಳುವುದು ಕೇಳಿಸಿತು.

“ಹೊಳಬಸಪ್ಪಾರ,” ಎಂದರು ಡಾಕ್ಟರು ಮೆಲ್ಲಗೆ, “ನಾ ಇನ್ನೂ ಮುಟ್ಟೇ ಇಲ್ರಿ.”

ಎರಡು ಬೆರಳು ಹೋದವು, ಪಾದ ಉಳಿಯಿತು. ಗಾಯ ಮಾಯುವವರೆಗೆ ಅವನು ಕುರ್ಚಿಯಲ್ಲಿ ಕೂತೇ ತೋಳಿನ ಸಾಮು ಮಾಡಿದ. ತಟ್ಟೆಯಲ್ಲಿ ಅರ್ಧ ಪಲ್ಲೆ, ಒಂದಿಷ್ಟು ಮೊಳಕೆ ಕಾಳು, ಒಂದೂವರೆ ರೊಟ್ಟಿ. ಮೊದಲ ದಿನ ತುಪ್ಪದ ಬಟ್ಟಲನ್ನು ತಾನೇ ದೂರ ಸರಿಸಿ, ಗೋಡೆಯ ಕಡೆ ಮುಖ ಮಾಡಿ ಅತ್ತ.

ಈಗ ದಿನವೂ ಬೆಳಕು ಹರಿದ ಮೇಲೆ ಮೆತ್ತನೆಯ ಬೂಟು ಹಾಕಿಕೊಂಡು ಆನೆಕೆರೆಯ ಏರಿಯ ಮೇಲೆ ನಡೆಯುತ್ತಾನೆ. ಒಂದು ದಿನವೂ ತಪ್ಪಿಸುವುದಿಲ್ಲ. ಒಬ್ಬನೇ ಮಾತ್ರ ಹೋಗಲಾರ. ಮಂಜು ಕವಿದ ದಿನ ತನ್ನ ಕಾಲು ತನಗೆ ಕಾಣದಾದಾಗ ಗಕ್ಕನೆ ನಿಂತುಬಿಡುತ್ತಾನೆ.

“ಸಾವಂತ್ರೀ, ನನ್ನ ಬಲಗಾಲು ಎಲ್ಲೈತಿ?”

ಹಿಂದೆ ಬರುತ್ತಿರುವ ಸಾವಂತ್ರವ್ವ ಬಗ್ಗಿ ನೋಡಿ ಹೇಳುತ್ತಾಳೆ: “ದಾರ್ಯಾಗ ಐತ್ರಿ. ನಡೀರಿ.”