ಮ್ಯಾಟಿನಡಿಯ ಮರಳು

ಹಳೆಯ ಕಾರನ್ನು ಕೊಟ್ಟುಬಿಡುವುದೆಂದು ತೀರ್ಮಾನವಾಗಿದೆ. ಕೊಳ್ಳುವವರು ನಾಳೆ ಕುಶಾಲನಗರದಿಂದ ಬರುತ್ತಾರೆ. ಕೊಳಕು ಗಾಡಿಯನ್ನು ಇನ್ನೊಬ್ಬರ ಕೈಗೆ ಕೊಡುವುದು ನನ್ನ ಜಾಯಮಾನಕ್ಕೆ ಒಗ್ಗುವುದಿಲ್ಲ, ಹಾಗಾಗಿ ಬೆಳಿಗ್ಗೆಯೇ ಬ್ರಷ್ ಹಿಡಿದು ಕೂತೆ. ಹಿಂದಿನ ಸೀಟಿನ ಕೆಳಗಿನ ರಬ್ಬರ್ ಮ್ಯಾಟ್ ಎತ್ತಿದಾಗ ಮೂಲೆಯಲ್ಲಿ ಒಂದಿಷ್ಟು ಮರಳು ಕಂಡಿತು. ನಮ್ಮ ಕಡೆಯ ಮಣ್ಣು ಕೆಂಪು. ಇದು ಬಿಳುಚಿದ, ನುಣ್ಣನೆಯ ಮರಳು, ನಡುವೆ ಚಿಪ್ಪಿನ ಚೂರುಗಳು. ಈ ಕಾರು ಸಮುದ್ರ ನೋಡಿದ್ದು ಒಂದೇ ಸಲ...

ಟೈಲರಕ್ಕ ನೆನಪಾದರು.

ಚೆಟ್ಟಳ್ಳಿಯ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ನಾನು ಲೆಕ್ಕ ಬರೆಯುವ ರೈಟರ್ ಆಗಿದ್ದಾಗ ಅವರದು ನಮ್ಮ ಪಕ್ಕದ ಮನೆ. ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಕೂಲಿಲೈನಿನ ಹೆಂಗಸರ ರವಿಕೆಯಿಂದ ಹಿಡಿದು ಧಣಿಗಳ ಮನೆಯ ಪರದೆಯವರೆಗೆ ಎಲ್ಲವೂ ಅವರ ಮೆಷಿನ್ ಮೇಲೆಯೇ ಹಾದುಹೋಗುತ್ತಿತ್ತು. ನಾನು ಜೀವನದಲ್ಲಿ ಮೊದಲ ಸಲ ಕಾರು, ಇದೇ ಕಾರು, ತಂದಾಗ ಸೀಟಿಗೆ ಕವರ್ ಹೊಲಿದುಕೊಟ್ಟವರೂ ಅವರೇ. ಆಗ ನಾನು ಇದನ್ನು ದಿನಾ ಒರೆಸುತ್ತಿದ್ದೆ. ಚಪ್ಪಲಿಯಲ್ಲಿ ಮಣ್ಣಿದ್ದರೆ ಯಾರನ್ನೂ ಹತ್ತಿಸುತ್ತಿರಲಿಲ್ಲ. “ರೈಟರು ಕಾರಿಗೆ ಲಾಲಿ ಹಾಡೋದೊಂದು ಬಾಕಿ,” ಎಂದು ಟೈಲರಕ್ಕ ನನ್ನ ಹೆಂಡತಿಯ ಹತ್ತಿರ ನಗುತ್ತಿದ್ದರು.

ಕಾಫಿ ಪಿಕಿಂಗ್ ಮುಗಿದು ಮಕ್ಕಳಿಗೆ ಬೇಸಿಗೆ ರಜೆ ಬಂದಾಗ ಕಣ್ಣೂರಿಗೆ ಹೋಗಿ ಒಂದು ದಿನ ಊರು ನೋಡಿಕೊಂಡು ಬರೋಣ ಎಂದಾಯಿತು. ಸುದ್ದಿ ಕೇಳಿದ ಟೈಲರಕ್ಕ ತಾವೂ ಬರಬಹುದೇ ಎಂದು ಕೇಳಿದರು. ಅವರ ತಂಗಿಯನ್ನು ಕಣ್ಣೂರಿಗೆ ಕೊಟ್ಟಿತ್ತು. ಆ ತಂಗಿ ಹಾಸಿಗೆ ಹಿಡಿದಿದ್ದರು, ಅನ್ನ ಬಿಟ್ಟು ನೀರಿಗೆ ಬಂದಿದ್ದರು. ಫೋನಿನಲ್ಲಿ ಅಕ್ಕನ ಬಳಿ ಕೇಳಿದ್ದು ಒಂದನ್ನೇ, ಕಾವೇರಿ ತೀರ್ಥ. ತುಲಾ ಸಂಕ್ರಮಣಕ್ಕೆ ತಲಕಾವೇರಿಯಿಂದ ತಂದ ನೀರನ್ನು ನಮ್ಮಲ್ಲಿ ವರ್ಷವಿಡೀ ಮನೆಯಲ್ಲಿ ಇಟ್ಟುಕೊಳ್ಳುತ್ತೇವೆ. ಹೊರಟ ಜೀವದ ಬಾಯಿಗೆ ಅದರ ಎರಡು ಹನಿ ಬೀಳಬೇಕು. ಬೀಳದೆ ಹೋದರೆ ಉಳಿದವರಿಗೆ ಆ ಕೊರಗು ಸಾಯುವ ತನಕ ಹೋಗುವುದಿಲ್ಲ.

ಹೊರಡುವ ದಿನ ಅವರು ಮನೆಯಲ್ಲಿ ಉಳಿದಿದ್ದ ತೀರ್ಥವನ್ನೆಲ್ಲ ಒಂದು ನೀರಿನ ಬಾಟಲಿಗೆ ತುಂಬಿ, ಕತ್ತಿಗೆ ಕೆಂಪು ನೂಲು ಸುತ್ತಿ ತಂದಿದ್ದರು. “ರೈಟರೇ, ಇದು ತೀರ್ಥ, ಯಾರೂ ಮುಟ್ಟೋದು ಬೇಡ,” ಎಂದು ಹಿಂದಿನ ಸೀಟಿನ ಮೂಲೆಯಲ್ಲಿಟ್ಟರು. ನಾನು ಗಾಜು ಒರೆಸುತ್ತಾ ಹೂಂ ಅಂದೆ. ಅಂದದ್ದು ಬಾಯಿ ಮಾತ್ರ.

ಮಾಕುಟ್ಟ ಘಾಟಿ ಇಳಿದು ಕಣ್ಣೂರು ಸೇರಿದೆವು. ಅಲ್ಲಿಯೇ ಟೈಲರಕ್ಕ ಮೊದಲು ತಂಗಿಯ ಮನೆಗೆ ಹೋಗಿಬರುವಾ ಎಂದರು. ಅದು ವಾಪಸ್ಸು ಬರುವ ದಾರಿಯಲ್ಲೇ ಇದೆ, ಸುಮ್ಮನೆ ಯಾಕೆ ಎರಡೆರಡು ಸಲ ಸುತ್ತುವುದು ಎಂದು ನಾನೇ ತಡೆದೆ. ಕೋಟೆ ನೋಡಿದೆವು, ದೀಪಸ್ತಂಭ ನೋಡಿದೆವು. ಬಿರಿಯಾನಿ ತಿಂದೆವು. ಟೈಲರಕ್ಕ ಮಜ್ಜಿಗೆ ಮಾತ್ರ ಕುಡಿದರು. ಊಟವಾದ ಮೇಲೆ ಇನ್ನೊಮ್ಮೆ ಕೇಳಿದರು. ಬೀಚ್ ಒಂದು ಮುಗಿಸಿಬಿಡೋಣ ಅಕ್ಕ ಎಂದೆ. ಈಗ ಅನಿಸುತ್ತದೆ, ಅವರ ಜಾಗದಲ್ಲಿ ನಾನಿದ್ದರೆ ಆಟೋ ಹಿಡಿದು ಹೋಗಿಬಿಡುತ್ತಿದ್ದೆ. ಅವರು ನಮ್ಮ ಜೊತೆ ಬಂದವರು, ನಮ್ಮ ದಿನ ಕೆಡಿಸಬಾರದೆಂದು ಸುಮ್ಮನಿದ್ದರು.

ಅಲ್ಲಿ ಮರಳಿನ ಮೇಲೆಯೇ ಕಾರು ಓಡಿಸುವ ಬೀಚ್ ಒಂದಿದೆ. ಓಡಿಸಿದೆ. ನನ್ನ ಮಕ್ಕಳು ಕೂಗಿದರು, ನಾನೂ ಕೂಗಿದೆ. ಅವರೆಲ್ಲ ನೀರಿಗಿಳಿದು ಆಡಿದರು. ಟೈಲರಕ್ಕ ಚಪ್ಪಲಿ ಕೈಯಲ್ಲಿ ಹಿಡಿದು ಅಲೆಯ ಅಂಚಿನಲ್ಲಿ ನಿಂತಿದ್ದರು. ಹೊರಡುವಾಗ ನೋಡಿದರೆ ಎಲ್ಲರ ಕಾಲಿಗೂ ಮರಳು. ನನಗೆ ತಲೆಬಿಸಿ. ಕಾಲು ತೊಳೆಯದೆ ಒಬ್ಬರೂ ಹತ್ತುವಂತಿಲ್ಲ ಎಂದು ಬಾಗಿಲಿಗೆ ಅಡ್ಡ ನಿಂತು, ಒಳಗೆ ಕೈಹಾಕಿ ಸಿಕ್ಕಿದ ಬಾಟಲಿ ತೆಗೆದೆ. ಮಕ್ಕಳ ಕಾಲಿಗೆ ಸುರಿದೆ, ಹೆಂಡತಿಯ ಕಾಲಿಗೆ ಸುರಿದೆ. ಹಿರಿಯರೆಂದು ಟೈಲರಕ್ಕನ ಕಾಲಿಗೆ ನಾನೇ ಬಗ್ಗಿ ಸುರಿದೆ. ಅವರು ಸೀರೆ ಎತ್ತಿ ಹಿಡಿದು, ಬೇಡ ಬೇಡ ಎನ್ನುತ್ತಾ ನಗುತ್ತಿದ್ದರು. ಆಮೇಲೆ ಆ ನಗು ನಿಂತಿತು.

“ರೈಟರೇ... ಅದು ತೀರ್ಥ ಅಲ್ವಾ?”

ಬಾಟಲಿಯ ಕತ್ತಿನಲ್ಲಿ ಕೆಂಪು ನೂಲು ಒದ್ದೆಯಾಗಿ ಅಂಟಿಕೊಂಡಿತ್ತು. ಒಳಗೆ ಏನೂ ಇರಲಿಲ್ಲ. ಬೈದಿದ್ದರೆ, ಅತ್ತಿದ್ದರೆ ಚೆನ್ನಾಗಿತ್ತು. ಅವರು ತಮ್ಮ ಒದ್ದೆ ಪಾದಗಳನ್ನೇ ನೋಡುತ್ತಾ ನಿಂತರು. ತೀರ್ಥ ಬಿದ್ದ ಆ ಪಾದಗಳಿಂದ ಹೆಜ್ಜೆ ಇಡಲು ಅವರಿಗೆ ಹೆದರಿಕೆಯಾದಂತಿತ್ತು. ಬಗ್ಗಿ ಒಮ್ಮೆ ಒದ್ದೆ ಮರಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು, ಆಮೇಲೆ ಕಾರು ಹತ್ತಿದರು.

ವಾಪಸ್ಸು ಊರಿಗೆ ಹೋಗಿ ನಮ್ಮ ಮನೆಯ ತೀರ್ಥ ತರುತ್ತೇನೆ, ಎಷ್ಟು ಹೊತ್ತಾದರೂ ಸರಿ ಎಂದೆ. ಅವರು ಬೇಡವೆಂದರು. ದಾರಿಯಲ್ಲಿ ಒಂದು ಚಹಾದಂಗಡಿಯ ಮುಂದೆ ನಿಲ್ಲಿಸಲು ಹೇಳಿ, ಅಲ್ಲಿನ ನಲ್ಲಿಯಲ್ಲಿ ಬಾಟಲಿ ತುಂಬಿಸಿಕೊಂಡು ಬಂದರು. ನೂಲನ್ನು ಮತ್ತೆ ಬಿಗಿಯಾಗಿ ಸುತ್ತಿದರು. “ಅಲ್ಲಿ ಯಾರೂ ಬಾಯಿ ಬಿಡೋದು ಬೇಡ,” ಎಂದರು.

ತಂಗಿ ಗೋಡೆ ಕಡೆ ತಿರುಗಿ ಮಲಗಿದ್ದರು. ಟೈಲರಕ್ಕ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, “ಕಾವೇರಮ್ಮ ಬಂದವ್ಳೆ, ಬಾಯಿ ತೆಗಿ ಕೂಸೇ,” ಎಂದು ಚಮಚದಲ್ಲಿ ಆ ನಲ್ಲಿ ನೀರು ಹಾಕಿದರು. ತಂಗಿ ಕಷ್ಟಪಟ್ಟು ನುಂಗಿದರು. ಅಷ್ಟು ವರ್ಷ ಮಲಯಾಳದಲ್ಲೇ ಬಾಳಿದವರು, “ತಣ್ಣಗೆ ಉಟ್ಟು,” ಎಂದರು, ತಣ್ಣಗಿದೆ ಎಂದು, ನಮ್ಮ ಅರೆಭಾಷೆಯಲ್ಲಿ. ಇನ್ನೂ ಬೇಕೆಂದು ಬಾಯಿ ತೆರೆದರು. ನಾನು ಹೊರಗೆ ಹೋಗಿ ನಿಂತೆ.

ಅದೇ ವಾರ ಆ ತಂಗಿ ತೀರಿಕೊಂಡ ಸುದ್ದಿ ಬಂತು.

ಆಮೇಲೆ ಪ್ರತಿ ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗಿ, ಮೊದಲ ಬಾಟಲಿಯನ್ನು ಟೈಲರಕ್ಕನಿಗೆ ಕೊಟ್ಟೇ ಮನೆಯೊಳಗೆ ಕಾಲಿಡುತ್ತಿದ್ದೆ. ತೆಗೆದುಕೊಂಡು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಕಣ್ಣೂರಿನ ಮಾತು ಒಂದೇ ಸಲ ಬಂದದ್ದು. ನಾನು ಕ್ಷಮಿಸಿ ಎಂದು ಶುರು ಮಾಡಿದಾಗ ಮೆಷಿನ್ ನಿಲ್ಲಿಸದೆ ಹೇಳಿದರು, “ನೀವು ಮರೆತದ್ದು ಅಷ್ಟೇ. ಸಾಯೋಳಿಗೆ ಸುಳ್ಳು ಹೇಳಿದವಳು ನಾನು.” ನನ್ನ ತಪ್ಪನ್ನೂ ಅವರೇ ಹೊತ್ತುಕೊಂಡಿದ್ದರು.

ಹೋದ ಮಳೆಗಾಲದಲ್ಲಿ ಅವರೂ ಮಡಿಕೇರಿಯ ಆಸ್ಪತ್ರೆಯಲ್ಲಿ ಮಲಗಿದರು. ಇನ್ನು ಹೆಚ್ಚು ಹೊತ್ತಿಲ್ಲ ಎಂದು ತಿಳಿದಾಗ ತೀರ್ಥ ಹಿಡಿದುಕೊಂಡು ಓಡಿದೆ. ಈ ಸಲವಾದರೂ ಸರಿಯಾಗಿ ಮುಟ್ಟಿಸುತ್ತೇನೆ ಎಂಬ ಆಸೆ ಇತ್ತು, ಅದು ಅವರಿಗಿಂತ ಹೆಚ್ಚು ನನಗಾಗಿಯೇ ಇತ್ತು. ಚಮಚ ತುಟಿಯ ಹತ್ತಿರ ತಂದೆ. ಅವರು ಕಣ್ಣು ಬಿಟ್ಟು ಬಾಟಲಿಯನ್ನು ನೋಡಿದರು, ಬೇಡವೆಂದು ತಲೆ ಆಡಿಸಿದರು.

“ತಂಗಿಗೆ ಕೊಟ್ಟ ನೀರೇ ಸಾಕು ನಂಗೆ... ನಲ್ಲೀದು.”

ಎಷ್ಟು ಬೇಡಿಕೊಂಡರೂ ತುಟಿ ಬಿಚ್ಚಲಿಲ್ಲ. ಕೊನೆಗೆ ಎದ್ದು ಹೋಗಿ ವಾರ್ಡಿನ ನಲ್ಲಿಯಿಂದ ಲೋಟದಲ್ಲಿ ನೀರು ತಂದೆ. ಅದನ್ನು ಕುಡಿದರು. ತುಂಬಿದ ಬಾಟಲಿಯನ್ನು ಹಾಗೆಯೇ ಮನೆಗೆ ತಂದೆ, ಇವತ್ತಿಗೂ ದೇವರ ಗೂಡಿನಲ್ಲಿದೆ.

ನಾನು ಮ್ಯಾಟಿನ ಮುಂದೆ ಕೂತೇ ಇದ್ದೆ. ಅಷ್ಟು ತೀರ್ಥ ಸುರಿದು ಯಾವ ಮರಳನ್ನು ಕಾರಿನೊಳಗೆ ಬಿಡಬಾರದೆಂದು ಒದ್ದಾಡಿದ್ದೆನೋ, ಅದೇ ಮರಳು ಇಷ್ಟು ವರ್ಷ ಒಳಗೇ ಕೂತಿತ್ತು. ಹೆಂಡತಿ ಜಗಲಿಯಿಂದ ಕೇಳಿದಳು, “ಎಂಥ ಕೆದಕ್ತಾ ಕೂತಿದ್ದೀರಿ? ನೀರು ಹಾಕಿ ತೊಳೀರಿ, ಹೋಗ್ತದೆ.” ಪೈಪ್ ತರಲೇ ಎಂದೂ ಕೇಳಿದಳು.

ಬೇಡ ಎಂದೆ. ಬ್ರಷ್ಷನ್ನೂ ಬದಿಗಿಟ್ಟೆ. ಬೆರಳಿನಿಂದಲೇ ಮರಳನ್ನು ಹೆಕ್ಕಿ ಅಂಗೈಯಲ್ಲಿ ತುಂಬಿಕೊಳ್ಳತೊಡಗಿದೆ.